ನಾಗಯ್ಯನ ಕಿಡಿ ತಂತಿ

ಮದ್ದೂರಿನಲ್ಲಿ ಗಾಡಿಗಳ ಬ್ಯಾಟರಿ ಚಾರ್ಜು ಮಾಡುವ ಡೈನಮೋ ರಿಪೇರಿಗೆ ನಾಗಯ್ಯನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂಬ ಮಾತಿತ್ತು; ಆ ಮಾತನ್ನು ಹೆಚ್ಚಾಗಿ ಆಡುತ್ತಿದ್ದವನೂ ನಾಗಯ್ಯನೇ. ಡೈನಮೋ ಬಿಗಿದಾದ ಮೇಲೆ ಜೇಬಿನಿಂದ ಗೇಣುದ್ದದ ತಾಮ್ರದ ತಂತಿ ತೆಗೆದು, ಬ್ಯಾಟರಿಯಿಂದ ಡೈನಮೋಗೊಮ್ಮೆ ಕಿಡಿ ಮುಟ್ಟಿಸಿ, "ಉಸುರು ಕೊಟ್ಟೆ" ಎನ್ನುತ್ತಿದ್ದ. ಹಾಗೆ ಕೊಡದಿದ್ದರೆ ಎಷ್ಟೋ ಡೈನಮೋಗಳಲ್ಲಿ ಕರೆಂಟೇ ಹುಟ್ಟುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ರೂಢಿ ಅದು.

ಎಪ್ಪತ್ತೇಳನೇ ಇಸವಿಯಲ್ಲಿ ಪೂರಿಗಾಲಿಯ ಮರಿತಾಯಮ್ಮ ತನ್ನ ಹಳೇ ವಿಲಾಯ್ತಿ ಟ್ರ್ಯಾಕ್ಟರನ್ನು ತಂದು ನಿಲ್ಲಿಸಿದಳು. ಗಂಡ ಹೋದ ಮೇಲೆ ಬೇಸಾಯವೆಲ್ಲ ಅವಳದೇ. ಬೆಳಗಾದರೆ ನಾಲ್ಕು ಜನ ತಳ್ಳದೆ ಆ ಟ್ರ್ಯಾಕ್ಟರು ಹೊರಡುತ್ತಿರಲಿಲ್ಲ. ಡೈನಮೋ ಕಿತ್ತು ಅದರ ಜಾಗಕ್ಕೆ ಹಾಕಲೆಂದು ಬೆಂಗಳೂರಿನಿಂದ ಹೊಸ ಆಲ್ಟರ್ನೇಟರ್ ತರಿಸಿದ್ದಳು.

"ಇದ ಆಕಕ್ಕೆ ಬತ್ತದಾ ನಾಗಣ್ಣ? ಬರ್ದಿದ್ರೆ ಈಗ್ಲೇ ಯೋಳ್ಬುಡು, ಮಂಡ್ಯಕ್ಕೆ ಓಯ್ತೀನಿ."

ಲಾರಿಗಳಿಗೆಲ್ಲ ಈಗ ಇದೇ ಬರುತ್ತಿತ್ತು. ಇದು ಕೈಗೆ ಹತ್ತದಿದ್ದರೆ ಅಂಗಡಿಗೆ ಬೀಗ ಹಾಕಬೇಕಾದೀತು ಎಂಬ ಭಯ ನಾಗಯ್ಯನಿಗೆ. "ಬತ್ತದೆ ಕಣವ್ವ" ಎಂದುಬಿಟ್ಟ.

ಮುಕ್ಕಾಲು ಪಾಲು ಬರಲೂ ಬರುತ್ತಿತ್ತು. ಹಳೆಯದರಲ್ಲಿ ಬ್ಯಾಟರಿಯ ಪ್ಲಸ್ಸು ಗಾಡಿಯ ಕಬ್ಬಿಣಕ್ಕೆ ಸೇರಬೇಕು, ಹೊಸದಕ್ಕೆ ಮೈನಸ್ಸು. ಅದನ್ನೂ ಮರೆಯದೆ ಬದಲಿಸಿದ. ಬೆಲ್ಟು ಬಿಗಿದು, ಬೆವರು ಒರೆಸಿಕೊಂಡು, ಎಂದಿನಂತೆ ಜೇಬಿಗೆ ಕೈ ಹಾಕಿದ. ಆ ಕೈಗೆ ಬುದ್ಧಿಯ ಅಪ್ಪಣೆ ಬೇಕಿರಲಿಲ್ಲ. ತಂತಿಯ ಕಿಡಿ ಆಲ್ಟರ್ನೇಟರಿಗೆ ಮುಟ್ಟಿದ್ದೇ ಚುರ್ ಎಂದಿತು, ಸುಟ್ಟ ವಾಸನೆ ಬಂತು.

ಮರಿತಾಯಮ್ಮ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಳು. ಮಾಲೇ ಸರಿಯಿಲ್ಲ ಎಂದಿದ್ದರೆ ನಂಬುತ್ತಿದ್ದಳು. ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡು ಅವಳ ಬಳಿಗೆ ಹೋದ.

"ನಾನೇ ಸುಟ್ಟಾಕ್ದೆ ಕಣವ್ವ. ಕೈ ಸುಮ್ಕಿರ್ನಿಲ್ಲ."

ಅವಳು ಲೋಟ ಕೆಳಗಿಟ್ಟಳು. "ಸುಟ್ಟೋನೇ ಸರಿ ಮಾಡು. ಸುಕ್ರುವಾರ ಬತ್ತೀನಿ. ಅವತ್ತೂ ತಳ್ಳುಸ್ಕಂಡು ಓಗಂಗಾದ್ರೆ, ಇನ್ನು ನಿನ್ನಂಗ್ಡಿ ಕಡೆ ತಲೆ ಆಕಲ್ಲ."

ಮರುದಿನ ಅಂಗಡಿ ಮುಚ್ಚಿ, ಸುಟ್ಟ ಆಲ್ಟರ್ನೇಟರ್ ಹೊತ್ತುಕೊಂಡು ಗೆಜ್ಜಲಗೆರೆಗೆ ಬಸ್ಸು ಹತ್ತಿದ. ಅಲ್ಲಿ ಕಾರ್ಖಾನೆಯೊಂದರ ಎಲೆಕ್ಟ್ರಿಷಿಯನ್ ಸಂಪತ್ ಕುಮಾರ, ವಯಸ್ಸಿನಲ್ಲಿ ಮಗನಂಥವನು, ಆಲ್ಟರ್ನೇಟರ್ ಬಿಚ್ಚಿ ತೋರಿಸಿದ: "ಇವು ಡಯೋಡುಗಳು, ನಾಗಯ್ಯನವರೇ. ಕರೆಂಟನ್ನ ಒಂದೇ ಕಡೆಗೆ ಬಿಡ್ತವೆ. ಕಿಡಿ ಮುಟ್ಟಿಸಿದ್ರೆ ಸತ್ತೇ ಹೋಗ್ತವೆ." ನಾಗಯ್ಯ ನೆಲದ ಮೇಲೆ ಕೂತು ಶಿಷ್ಯನ ಹಾಗೆ ಕೇಳಿದ. ಅವಮಾನವಾದೀತು ಎಂದುಕೊಂಡೇ ಬಂದಿದ್ದವನಿಗೆ, ಹಸಿದು ಬಂದಾಗ ಊಟ ಬಡಿಸಿದಂತಾಯಿತು. ಹೊಸ ಡಯೋಡುಗಳನ್ನು ತಾನೇ ಕೂರಿಸಿದ.

ಶುಕ್ರವಾರ ಮರಿತಾಯಮ್ಮ ಬಂದಳು, ತಳ್ಳುವ ನಾಲ್ವರನ್ನೂ ಕಟ್ಟಿಕೊಂಡು. ನಂಬಿಕೆ ಬೇರೆ, ಜಾಗ್ರತೆ ಬೇರೆ.

ಕೊನೆಯ ನಟ್ಟು ಬಿಗಿಯುತ್ತಲೇ ನಾಗಯ್ಯನ ಕೈ ಜೇಬಿನತ್ತ ಹೋಯಿತು. ತಂತಿಯನ್ನು ತೆಗೆದು ಅವಳ ಕೈಗೆ ಕೊಟ್ಟ. "ಇದ ನೀನೇ ಇಟ್ಕೊಳವ್ವ. ನನ್ ಕೈಯ ನಂಬಕ್ಕಾಗಲ್ಲ." ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಟ್ರ್ಯಾಕ್ಟರು ಹತ್ತಿದಳು.

ಇಂಜಿನ್ ಎದ್ದಿತು, ಚಾರ್ಜಿನ ಮುಳ್ಳು ಪ್ಲಸ್ಸಿನ ಕಡೆಗೆ ವಾಲಿತು. ಬೇಕೆಂದೇ ನಿಲ್ಲಿಸಿ ಮತ್ತೆ ಚಾಲೂ ಮಾಡಿದಳು, ಮತ್ತೆ ಎದ್ದಿತು. ತಳ್ಳಲು ಬಂದಿದ್ದವರು ಕೈಕಟ್ಟಿ ನಿಂತಿದ್ದರು. ನಾಗಯ್ಯನ ಕಣ್ಣು ಒದ್ದೆಯಾಯಿತು.

ಮರಿತಾಯಮ್ಮ ಸೆರಗಿನ ಗಂಟು ಬಿಚ್ಚಿ ತಂತಿಯನ್ನು ಅವನ ಕಡೆಗೆ ಚಾಚಿದಳು.

"ತಕೊ. ನಮ್ಮೂರ್ ಅಂಕಯ್ಯಂದು ಇನ್ನೂ ಡೈನಮೋನೇ. ನಾಳೆ ಕಳಿಸ್ತೀನಿ, ಅದುಕ್ಕೆ ಉಸುರು ಕೊಡು."