ಹೊಟ್ಟೆ ಎಂದರೆ ತೂತಲ್ಲ

"ಹೊಟ್ಟೆ, ಹೊಟ್ಟೆ" ಎಂದು ಆ ಪುಟ್ಟ ಹುಡುಗಿ ಅಳುತ್ತಿದ್ದರೆ, ಅಂಗನವಾಡಿ ಟೀಚರ್ ಅವಳ ಫ್ರಾಕಿನಲ್ಲಿ ತೂತು ಹುಡುಕುತ್ತಿದ್ದರು! ತಮಿಳಿನಲ್ಲಿ 'ಓಟ್ಟೈ' ಎಂದರೆ ತೂತು. ಮೈಲಾಪೂರಿನ ನಮ್ಮ ಬೀದಿಯಲ್ಲಿ ತರಕಾರಿ ಕೊಂಡು ಬರುತ್ತಿದ್ದ ನಾನು ಕನ್ನಡದ ಮಾತು ಕೇಳಿ ಒಳಗೆ ನುಗ್ಗಿ, ಅದು ಹೊಟ್ಟೆನೋವು ಎಂದು ತಮಿಳಿನಲ್ಲಿ ಹೇಳಿದೆ. ಟೀಚರ್ ಮಗುವನ್ನು ಎತ್ತಿಕೊಂಡು ಪಕ್ಕದ ಕ್ಲಿನಿಕ್ಕಿಗೆ ಓಡಿದರು.

ಔಷಧ ಕುಡಿಸಿ ಮರಳುವ ಹೊತ್ತಿಗೆ ತಾಯಿ ಬಂದಿದ್ದಳು. ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. "ನನ್ ಕೂಸಿನ ಮಾತು ಇಲ್ಲಿ ಯಾರಿಗೂ ತಿಳಿಯಂಗಿಲ್ಲರೀ ಅಕ್ಕಾ. ನಾಳಿಂದ ನನ್ ಜೋಡಿ ಕೆಲಸಕ್ಕ ಕರ್ಕೊಂಡ್ ಹೋಗ್ತೀನಿ" ಎಂದಳು.

ನಾನು ಅದನ್ನು ತಮಿಳಿನಲ್ಲಿ ಹೇಳಿದ್ದೇ ತಡ, ಟೀಚರ್ ಬಾಗಿಲಿಗೆ ಅಡ್ಡ ನಿಂತರು. ಕಂಬಿ, ಜಲ್ಲಿ, ಲಾರಿಗಳ ನಡುವೆ ಈ ಮಗುವನ್ನು ಬಿಡಲಾರೆ, ಬೇಕಾದರೆ ನಾನೇ ಕನ್ನಡ ಕಲಿಯುತ್ತೇನೆ ಎಂದರು. ನನ್ನತ್ತ ತಿರುಗಿ, "ನೀಂಗ ದಿನಮುಂ ವಾಂಗಮ್ಮಾ" ಎಂದು ದಿನಾ ಬರುವಂತೆ ಅಪ್ಪಣೆಯನ್ನೂ ಕೊಟ್ಟರು.

ಈಗ ಊಟವಾದ ಮೇಲೆ ಟೀಚರ್ "ಹೊಟ್ಟೆ ತುಂಬಿತಾ?" ಎಂದು ಕೇಳುತ್ತಾರೆ. ತಮಿಳು ಮಕ್ಕಳೂ ಹೊಟ್ಟೆ ತಟ್ಟಿಕೊಂಡು "ತುಂಬಿತು!" ಎಂದು ಕೂಗುತ್ತವೆ. ಬೆಳಿಗ್ಗೆ ಆ ತಾಯಿ ಮಗಳನ್ನು ಬಿಟ್ಟು, ಹಿಂದೆ ತಿರುಗಿ ನೋಡದೆ ಕೆಲಸಕ್ಕೆ ಹೋಗುತ್ತಾಳೆ.