ಹಿಂದೆ ಸರಿದವನ ಲೆಕ್ಕ

ಹೋದ ತಿಂಗಳು ಕಂಪ್ಯೂಟರ್ ನನ್ನಿಂದ ಓಡಿಹೋಯಿತು.

ಗಾಬರಿ ಬೇಡ, ಯಂತ್ರ ಮೇಜಿನ ಮೇಲೇ ಇದೆ. ಓಡಿದ್ದು ಅದರ ಪಡೆ. ಐವತ್ತು ದಾಟಿದ ಮೇಷ್ಟ್ರಾದ ನನಗೆ ಬಾಹ್ಯಾಕಾಶ ಯುದ್ಧದ ಗೇಮ್‌ನ ಹುಚ್ಚು (ಮನೆಯವಳ ಪ್ರಕಾರ ಕಾಯಿಲೆ). ನನ್ನವು ಮೂವತ್ತು ಹಡಗು, ಅದರವು ಹದಿನೆಂಟು. ಐದು ಸಿಡಿದದ್ದೇ ತಡ, ಉಳಿದವು ತಮ್ಮ ಗ್ರಹಕ್ಕೆ ಪರಾರಿ. ನಾನು ಬಿಡುತ್ತೇನೆಯೇ? ಅಟ್ಟಿಸಿಕೊಂಡು ಹೋದೆ. ಅಲ್ಲಿ ಅವು ರಿಪೇರಿಯಾಗಿ, ಹೊಸ ಹಡಗುಗಳನ್ನೂ ಸೇರಿಸಿಕೊಂಡು ಕಾಯುತ್ತಿದ್ದವು. ನನ್ನ ಮೂವತ್ತೂ ಹೋದವು.

ಈ ಆಟ ಕಲಿಸಿದವನು ಶಿರಾದಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಗೆಳೆಯ ನಯಾಜ್. ಫೋನ್ ಮಾಡಿ ಗೋಳು ಹೇಳಿಕೊಂಡೆ.

"ಅದು ಪ್ರತಿ ಸಲ ತನ್ ಬಲ ಎಷ್ಟು, ನಮ್ದೆಷ್ಟು ಅಂತ ಲೆಕ್ಕ ಹಾಕ್ತದೆ ಮೇಷ್ಟ್ರೇ. ಕಮ್ಮಿ ಅನ್ಸಿದ್ರೆ ಹೊಂಟೋಯ್ತದೆ. ನಾಚ್ಕೆ ಗೀಚ್ಕೆ ಅದಕ್ಕಿಲ್ಲ."

ಮುಂದಿನ ಭಾನುವಾರ ಬೆಳಗ್ಗೆ ಇಬ್ಬರೂ ಒಂದೇ ಬೈಕಿನಲ್ಲಿ ಮಧುಗಿರಿ ಬೆಟ್ಟ ಹತ್ತಲು ಹೊರಟೆವು. ಕಂಬಿ ಹಿಡಿದು ಹತ್ತಬೇಕಾದ ಕಡಿದಾದ ಬಂಡೆಯ ಹತ್ತಿರ ನಯಾಜ್ ಕೂತುಬಿಟ್ಟ. ಎದೆ ಬಿಗಿಯುತ್ತಿದೆ, ಇಳಿಯುತ್ತೇನೆ ಅಂದ. ತಿಂಡಿ ಜಾಸ್ತಿಯಾಗಿದೆ, ಗ್ಯಾಸು ಅಂದೆ. ಹತ್ತುತ್ತಿದ್ದ ಚಿಕ್ಕ ಮಕ್ಕಳನ್ನು ತೋರಿಸಿ ಹಂಗಿಸಿದೆ. (ಇದನ್ನು ಬರೆಯಲು ಈಗ ಮುಜುಗರ.)

"ನಗೋರು ನಗ್ಲಿ ಬುಡಿ. ನನ್ ಕೈಲಿ ಆಗಕಿಲ್ಲ," ಎಂದವನೇ ಎದ್ದು ಮೆಲ್ಲಗೆ ಇಳಿಯತೊಡಗಿದ.

ನಾನೇನು ಮಾಡಿದೆ? ಜೊತೆಗೆ ಇಳಿಯಲಿಲ್ಲ. ಸಿಟ್ಟಿನಲ್ಲಿ ತುದಿಯವರೆಗೂ ಹೋಗಿ ಸೆಲ್ಫಿ ತೆಗೆದುಕೊಂಡೆ.

ಕೆಳಗೆ ಬಂದರೆ ಬೈಕ್ ಇದೆ, ನಯಾಜ್ ಇಲ್ಲ. ಅವನ ಫೋನ್ ಎತ್ತಿದ್ದು ಒಬ್ಬ ಹೆಂಗಸು, ಬೆಟ್ಟದ ಬುಡದಲ್ಲಿ ಎಳನೀರು ಮಾರುವವರು. ಅವನು ಬೆವರುತ್ತಿದ್ದುದನ್ನು ನೋಡಿ, ವ್ಯಾಪಾರ ಬಿಟ್ಟು, ಆಟೋ ಹತ್ತಿಸಿ ಆಸ್ಪತ್ರೆಗೆ ಕರೆತಂದಿದ್ದರು.

"ಜೊತೇಲಿ ಬಂದಿದ್ದೋರು ನೀವೇನಾ?" ಎಂದು ಕೇಳಿದರು. ಆಸ್ಪತ್ರೆಯ ದಾರಿ ಕೇಳಿಕೊಂಡು ಓಡಿದೆ.

ಹೃದಯಾಘಾತ. ಇನ್ನರ್ಧ ಗಂಟೆ ಹತ್ತಿದ್ದರೆ ಕೆಳಗೆ ತರುವಷ್ಟರಲ್ಲಿ ಕೈಮೀರುತ್ತಿತ್ತು ಎಂದರು ಡಾಕ್ಟರು. ತುಮಕೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡ ನಯಾಜ್ ಈಗ ಮತ್ತೆ ಅಂಗಡಿಯಲ್ಲಿ ಕೂರುತ್ತಿದ್ದಾನೆ. ಮೊನ್ನೆ ಹೋಗಿ ಕ್ಷಮೆ ಕೇಳಿದೆ. ಟೀ ತರಿಸಿದ. ಆ ಮಾತೇ ಬೇಡ ಅಂದ.

ಹಿಡಿದ ಕೆಲಸ ನಡುವೆ ಬಿಡಬಾರದು ಎಂದು ನಾನೇ ಇಪ್ಪತ್ತೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಸಾಕು, ಇಲ್ಲಿಗೆ ನಿಲ್ಲಿಸಿ ವಾಪಸು ಬಾ ಅನ್ನುವ ಪಾಠ ಯಾವ ಕ್ಲಾಸಿನಲ್ಲಿದೆ?