ಪೂರ್ತಿ ಪಾಲು

ಕಾಸರಕೋಡದಲ್ಲಿ ದೋಣಿ ಮಗುಚಿ ಹತ್ತೊಂಬತ್ತರ ಹುಡುಗನೊಬ್ಬ ತೀರಿಕೊಂಡಿದ್ದ. ಪತ್ರಿಕೆಗೆ ಸುದ್ದಿ ಮಾಡಲು ಹೋದವನು ನಾನು. ಬರೆದದ್ದನ್ನು ಅವನ ಅಪ್ಪನಿಗೆ ತೋರಿಸಿದೆ.

“ಟೀನೇಜರ್ ಅಂದ್ರೆ ಎಂತ?” ಎಂದು ಕೇಳಿದರು.

“ಇನ್ನೂ ಪೂರ್ತಿ ದೊಡ್ಡವರಾಗದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹಾಗೆ ಹೇಳ್ತಾರೆ.”

ಅವರು ಹಾಳೆಯನ್ನು ನನಗೆ ವಾಪಸು ಕೊಟ್ಟರು. “ಹೋದ ವರ್ಷದವರೆಗೆ ಮೀನಿನಲ್ಲಿ ಅವಂಗೆ ಅರ್ಧ ಪಾಲು. ಈ ವರ್ಷ ದೋಣಿಯವರೆಲ್ಲ ಸೇರಿ ಪೂರ್ತಿ ಪಾಲು ಮಾಡಿದ್ರು, ದೊಡ್ಡವರಿಗೆ ಕೊಟ್ಟ ಹಾಗೆ. ಮೀನುಗಾರ ಅಂತ ಬರೀರಿ.”

ಹಾಗೇ ತಿದ್ದಿ ಕಳಿಸಿದೆ. ಮರುದಿನ ತಲೆಬರಹದಲ್ಲಿ ಮತ್ತೆ ಟೀನೇಜರ್ ಎಂದೇ ಇತ್ತು. ಫೋನ್ ಮಾಡಿದರೆ, “ಮೀನುಗಾರ ಸತ್ತ ಅಂದ್ರೆ ಯಾರು ಓದ್ತಾರೆ?” ಎಂದರು ಪತ್ರಿಕೆಯವರು.

ಅವರ ಲೆಕ್ಕ ತಪ್ಪಲಿಲ್ಲ. ತುಂಬ ಜನ ಓದಿದರು. ಅವನ ಅಪ್ಪನೂ ಓದಿದರು.